ಬಣ್ಣ ಕುಡಿಯದ ಪಂಚೆ

ನನಗೊಂದು ಕೆಟ್ಟ ಚಾಳಿಯಿದೆ. ಯಾವುದಾದರೂ ಕೆಲಸವನ್ನು ಮನೆಯಲ್ಲೇ ಮಾಡಬಹುದು ಎಂದು ಯಾರಾದರೂ ಅಂದರೆ ಸಾಕು, ಅದನ್ನು ಮನೆಯಲ್ಲಿ ಮಾಡಬಾರದು ಎಂದು ಸಾಬೀತಾಗುವವರೆಗೂ ನನಗೆ ಸಮಾಧಾನವಿಲ್ಲ. ಟೆಕ್ಸಸ್ಸಿನ ಮೆಕಿನ್ನಿಯ ನಮ್ಮ ಮನೆಯ ಗರಾಜಿನಲ್ಲಿ ಸೋಪಿನ ಅಚ್ಚುಗಳಿವೆ, ಒಂದು ಹುಳುವನ್ನೂ ಕಾಣದ ಜೇನುಪೆಟ್ಟಿಗೆಯಿದೆ. ಕಾರು ಮಾತ್ರ ಹೊರಗಿದೆ. “ಕಾರು ಬಿಸಿಲಲ್ಲಿ, ನಿಮ್ಮ ಹುಚ್ಚು ನೆರಳಲ್ಲಿ” ಎನ್ನುತ್ತಾಳೆ ನನ್ನ ಹೆಂಡತಿ ವೀಣಾ.

ಈ ಸಲದ ಹುಚ್ಚು ಹತ್ತಿದ್ದು ಆಸ್ಟಿನ್‌ನಲ್ಲಿ. ಅಲ್ಲಿಗೆ ವೀಕೆಂಡ್ ಸುತ್ತಾಟಕ್ಕೆ ಹೋದಾಗ ಉಣ್ಣೆಯ ಅಂಗಡಿಯೊಂದು ಕಣ್ಣಿಗೆ ಬಿತ್ತು. ಟೆಕ್ಸಸ್ಸಿನ ಈ ಬೇಗೆಯಲ್ಲಿ ಉಣ್ಣೆ ಕೊಳ್ಳುವ ಪುಣ್ಯಾತ್ಮರು ಯಾರಪ್ಪಾ ಎಂದು ನೋಡಲು ಒಳಗೆ ಹೋದೆ. ಪುಣ್ಯಾತ್ಮ ನಾನೇ ಆದೆ. ಅಂಗಡಿಯಾಕೆ ಹೇಳಿದ್ದು ಕೇಳಿ ನನಗೆ ರೋಮಾಂಚನವಾಯಿತು. ರೇಷ್ಮೆ, ಉಣ್ಣೆ, ನಮ್ಮ ತಲೆಗೂದಲು, ಉಗುರು ಎಲ್ಲವೂ ಒಂದೇ ಕುಲದವಂತೆ, ಪ್ರೋಟೀನ್. ಬಣ್ಣದ ನೀರಿಗೆ ಒಂದಿಷ್ಟು ವಿನೆಗರ್ ಬೆರೆಸಿ ಹದವಾಗಿ ಕಾಯಿಸಿದರೆ ಇವು ಬಣ್ಣವನ್ನೆಲ್ಲ ಗಟಗಟ ಕುಡಿದು, ಕೊನೆಗೆ ಪಾತ್ರೆಯಲ್ಲಿ ತಿಳಿನೀರು ಉಳಿಯುತ್ತದಂತೆ. ನೈಲಾನ್ ಕೂಡ ಕುಡಿಯುತ್ತದಂತೆ, ಹತ್ತಿ, ಪಾಲಿಯೆಸ್ಟರ್ ಮಾತ್ರ ಮೂಸಿಯೂ ನೋಡುವುದಿಲ್ಲವಂತೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ರೇಷ್ಮೆಯ ವಿಷಯವನ್ನು ಟೆಕ್ಸಸ್ಸಿನ ಹೆಂಗಸು ಹೇಳಿಕೊಡಬೇಕಾಯಿತಲ್ಲ ಎಂದು ಸ್ವಲ್ಪ ಅವಮಾನವೂ ಆಯಿತು. ಆ ಅವಮಾನದಲ್ಲೇ ಮರೂನ್ ಬಣ್ಣದ ಒಂದು ಡಬ್ಬಿ ಕೊಂಡು ತಂದೆ.

ಡಬ್ಬಿ ಬಂದ ಮೇಲೆ ಅವಸರವೂ ತಾನಾಗಿ ಬಂತು. ಊರಿನಿಂದ ಬಂದಿದ್ದ ಅತ್ತೆ, ಅಂದರೆ ವೀಣಾಳ ಅಮ್ಮ, ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. “ಮದುವೇಲಿ ಉಟ್ಟಿದ್ರಲ್ಲ, ಆ ಪಂಚೆ ಉಟ್ಕೊಳ್ಳಿ. ಕಣ್ತುಂಬ ನೋಡ್ಬೇಕು” ಎಂದರು. ಅತ್ತೆಯ ಮನೆಯವರು ಕೊಡಿಸಿದ, ಸೊಂಟಕ್ಕೆ ಅಂಟಿಸಿಕೊಳ್ಳಲು ವೆಲ್ಕ್ರೋ ಹಚ್ಚಿದ ಆ ಕೆನೆಬಣ್ಣದ ರೇಷ್ಮೆ ಪಂಚೆಯ ನಟ್ಟನಡುವೆ, ಹೋದ ಯುಗಾದಿಯಂದು ನಾನು ಚೆಲ್ಲಿಕೊಂಡ ಹುಳಿಯ ಕಲೆ ಅಂಗೈಯಗಲ ಕೂತಿತ್ತು. ಅದನ್ನು ಅತ್ತೆ ನೋಡಿದರೆ ನಾನು ಅವರ ಮರ್ಯಾದೆಯ ಮೇಲೇ ಹುಳಿ ಚೆಲ್ಲಿದಂತೆ. ಪಂಚೆಯನ್ನೇ ಪೂರ್ತಿ ಮರೂನ್ ಮಾಡಿಬಿಟ್ಟರೆ ಕಲೆ ಎಲ್ಲಿ ಕಾಣುತ್ತದೆ?

ಗರಾಜಿನಲ್ಲಿ ಕ್ಯಾಂಪಿಂಗ್ ಒಲೆ ಹಚ್ಚಿದೆ. ದೊಡ್ಡ ಪಾತ್ರೆ ಹೊತ್ತೊಯ್ಯುವಾಗ ಅತ್ತೆ ತಡೆದರು. “ಬಣ್ಣ ಕುದಿಸಿದ್ಮೇಲೆ ಇದನ್ನ ಅಡುಗೆಗೆ ಬಳಸೋ ಹಾಗಿಲ್ಲ, ಸೌಟೂ ಬೇರೆ ಇರ್ಬೇಕಂತೆ” ಎಂದೆ. ಅತ್ತೆಯ ಮುಖ ಅರಳಿತು. ಮುಸುರೆ, ಮಡಿ ಎಂದು ಪಾತ್ರೆ ಬೇರೆ ಬೇರೆ ಇಡುವುದಕ್ಕೆ ಇಷ್ಟು ವರ್ಷ ನನ್ನಿಂದ ಹಾಸ್ಯ ಮಾಡಿಸಿಕೊಂಡವರು ಅವರು. “ನೋಡಿದ್ರಾ! ಅಮೆರಿಕದವರಿಗೂ ಮಡಿ ಗೊತ್ತು” ಎಂದು ಹೋದರು. ಏನು ಬಣ್ಣ, ಯಾವ ಬಟ್ಟೆಗೆ ಎಂದು ಕೇಳಲಿಲ್ಲ. ಬದುಕಿದೆಯಾ ಬಡಜೀವವೇ ಎಂದುಕೊಂಡೆ.

ಮೊದಲು ಪರೀಕ್ಷೆಗೆಂದು ಹಳೆಯ ಬಿಳಿ ಉಣ್ಣೆಯ ಮಫ್ಲರ್ ಮುಳುಗಿಸಿದೆ. ಅಬ್ಬಾ, ಏನು ಹೇಳಲಿ! ರಕ್ತದಂತಿದ್ದ ನೀರು ನೋಡನೋಡುತ್ತ ಗುಲಾಬಿಯಾಗಿ, ಆಮೇಲೆ ತಿಳಿಯಾಯಿತು. ಬಣ್ಣವೆಲ್ಲ ಮಫ್ಲರಿನ ಹೊಟ್ಟೆ ಸೇರಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅದೇ ಉತ್ಸಾಹದಲ್ಲಿ ಗ್ಲೌಸ್ ಕಿತ್ತೆಸೆದು, ಮತ್ತೆ ಬಣ್ಣ ಕಲಸಿ ಪಂಚೆ ಇಳಿಸಿದೆ. ಕಾದೆ. ನೀರು ಕೆಂಪಗೇ ಇತ್ತು. ಇನ್ನಷ್ಟು ವಿನೆಗರ್ ಸುರಿದೆ. “ಗರಾಜಲ್ಲಿ ಉಪ್ಪಿನಕಾಯಿ ಹಾಕ್ತಿದಾರಾ?” ಎಂದು ಅತ್ತೆ ಒಳಗಿನಿಂದ ಕೇಳಿದ್ದು ಕಿವಿಗೆ ಬಿತ್ತು. ನೀರು ಜಪ್ಪಯ್ಯ ಎಂದರೂ ತಿಳಿಯಾಗಲಿಲ್ಲ. ಪಂಚೆ ಎತ್ತಿ ಜಾಲಾಡಿದರೆ ಅದೇ ಕೆನೆಬಣ್ಣ, ಅದೇ ಹುಳಿಯ ಕಲೆ. ಕಲೆ ಬಿಸಿನೀರಿನ ಸ್ನಾನ ಮಾಡಿ ಇನ್ನಷ್ಟು ಗೆಲುವಾಗಿತ್ತು. ಬಣ್ಣ ಹತ್ತಿದ್ದು ಎರಡಕ್ಕೆ ಮಾತ್ರ: ಸೊಂಟದ ನೈಲಾನ್ ವೆಲ್ಕ್ರೋ ಪಟ್ಟಿಗೆ ಮತ್ತು ಅಪ್ಪಟ ಪ್ರೋಟೀನಿನ ನನ್ನ ಹತ್ತು ಬೆರಳಿಗೆ.

ಮಗಳು ಬಂದು ನೋಡಿ, “ಅಪ್ಪಾ, ಮೇಬಿ ಇಟ್ಸ್ ಜಸ್ಟ್ ಪಾಲಿಯೆಸ್ಟರ್” ಎಂದಳು. ವೀಣಾ ಓಡಿ ಬಂದು ಅವಳ ಬಾಯಿ ಮುಚ್ಚಿದಳು. “ರೀ, ದಮ್ಮಯ್ಯ, ಅಮ್ಮನ ಹತ್ರ ಹೇಳ್ಬೇಡಿ. ಅಳಿಯನಿಗೆ ಕೊಟ್ಟಿದ್ದು ರೇಷ್ಮೆ ಅಲ್ಲ ಅಂತ ಗೊತ್ತಾದ್ರೆ ಕುಗ್ಗಿ ಹೋಗ್ತಾರೆ.” ಪಾಪ, ಅಂಗಡಿಯವನು ಅತ್ತೆಗೆ ಮೋಸ ಮಾಡಿದ್ದಾನೆ. ನಾನು ಉದಾರಿಯಾಗಿ ಕ್ಷಮಿಸಿಬಿಟ್ಟೆ. ಕ್ಷಮಿಸುವುದು ಎಷ್ಟು ಹಿತವಾದ ಕೆಲಸವೆಂದು ಅಂದೇ ಗೊತ್ತಾಯಿತು. ಆದರೆ ಕ್ಷಮಿಸಿದ್ದು ಯಾರಿಗೂ ತಿಳಿಯದಿದ್ದರೆ ಏನು ಸುಖ ಹೇಳಿ?

ಪೂಜೆಯ ಬೆಳಿಗ್ಗೆ ಕಲೆಯನ್ನು ಮಡಿಕೆಯೊಳಗೆ ಮುಚ್ಚಿ ಪಂಚೆ ಅಂಟಿಸಿಕೊಂಡು ಬಂದೆ. ಅತ್ತೆಯ ಕಣ್ಣು ನೇರ ನನ್ನ ಬೆರಳಿಗೇ ಬಿತ್ತು. “ಇದೇನು ಅವತಾರ?” ಎಂದರು. ವೀಣಾ ಕಣ್ಸನ್ನೆ ಮಾಡುತ್ತಲೇ ಇದ್ದಳು. ನಾನು ದೊಡ್ಡ ಮನಸ್ಸಿನ ದನಿಯಲ್ಲಿ, “ಕಲೆ ಮುಚ್ಚೋಣ ಅಂತ ಬಣ್ಣ ಹಾಕಿದೆ ಅತ್ತೆ, ಹಿಡೀಲಿಲ್ಲ. ಇದು ರೇಷ್ಮೆ ಅಲ್ಲ. ಪರವಾಗಿಲ್ಲ ಬಿಡಿ, ಅಂಗಡಿಯವರು ಎಂಥವರಿಗೂ ಟೋಪಿ ಹಾಕ್ತಾರೆ” ಎಂದೆ.

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯೋ, ಆ ಅಂಗಡಿಯವನು ನಿಮಗೇ ‘ಸಾರ್, ಇದು ರೇಷ್ಮೆ ಅಲ್ಲ, ಬರೀ ಹೊಳಪು’ ಅಂತ ಬಡ್ಕೊಂಡ. ನಾನು ನಿಜವಾದ ರೇಷ್ಮೆದು ತೆಗೆದಿದ್ದೆ. ‘ಅದು ಜಾರುತ್ತೆ, ಮಂಟಪದಲ್ಲಿ ಮಾನ ಹೋಗುತ್ತೆ, ವೆಲ್ಕ್ರೋದೇ ಕೊಡ್ಸಿ’ ಅಂತ ಹಟ ಹಿಡಿದಿದ್ದು ಯಾರು? ನೀವೇ ತಾನೆ!” ಎಂದು ಒಳಗೆ ಹೋಗಿ, ಸೂಟ್‌ಕೇಸಿನಿಂದ ಬಿಳಿಬಟ್ಟೆಯಲ್ಲಿ ಸುತ್ತಿದ ಆ ರೇಷ್ಮೆ ಪಂಚೆಯನ್ನು ತಂದರು. “ಬಂದಾಗಲೆಲ್ಲ ತರ್ತೀನಿ. ಉಡೋಕೆ ಕಲಿತಿದ್ರೆ ಕೊಡೋಣ ಅಂತ.” ಅಷ್ಟು ವರ್ಷ ಅವರು ನನ್ನನ್ನು ಕ್ಷಮಿಸುತ್ತಲೇ ಇದ್ದರು, ಯಾರಿಗೂ ಹೇಳದೆ.

ಕಲಿತಿರಲಿಲ್ಲ. ಅತ್ತೆ ಹೇಳಿಕೊಟ್ಟಂತೆ ಉಟ್ಟೆ, ಜಾರಿತು. ಮತ್ತೆ ಉಟ್ಟೆ, ಮತ್ತೆ ಜಾರಿತು. ಕೊನೆಗೆ ಗರಾಜಿನಿಂದ ಆ ಮರೂನ್ ಮಫ್ಲರ್ ತಂದು ಸೊಂಟಕ್ಕೆ ಬಿಗಿದು, ಸೆಕೆಯಲ್ಲಿ ಬೆವರುತ್ತ ಪೂಜೆಗೆ ಕೂತೆ. ಪ್ರಸಾದ ತೆಗೆದುಕೊಳ್ಳಲು ಬಂದ, ಇಲ್ಲಿ ಓದುತ್ತಿರುವ ಕನ್ನಡದ ಹುಡುಗಿಯೊಬ್ಬಳು ನನ್ನ ಕೆಂಪು ಬೆರಳನ್ನೂ ಕೆಂಪು ಮಫ್ಲರನ್ನೂ ಭಕ್ತಿಯಿಂದ ನೋಡಿ, “ಅಂಕಲ್, ಇದು ನಿಮ್ಮ ಕಡೆ ಸಂಪ್ರದಾಯನಾ?” ಎಂದು ಕೇಳಿದಳು. ಹೌದಮ್ಮ, ಬಹಳ ಹಳೇದು ಎಂದೆ. ಪಕ್ಕದಲ್ಲಿ ಅತ್ತೆ ಒಮ್ಮೆ ಕೆಮ್ಮಿ, ಹುಡುಗಿಯ ಕೈಗೆ ಇನ್ನೊಂದಿಷ್ಟು ಪ್ರಸಾದ ಹಾಕಿದರು.