ನೇಕಾರರ ಬೀದಿ ಮೂತಿ ಮುಚ್ಚಿಕೊಂಡದ್ದು

ನಮ್ಮ ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಯಾವ ಕೆಲಸವೂ ನೆಟ್ಟಗೆ ಶುರುವಾಗಿ ನೆಟ್ಟಗೆ ಮುಗಿದದ್ದನ್ನು ನಾನು ಕಂಡಿಲ್ಲ. ಮದುವೆಯಾಗಲಿ, ಮನೆಗೆ ಸುಣ್ಣ ಬಳಿಯುವುದಾಗಲಿ, ನಡುವೆ ಒಂದು ಎಡವಟ್ಟು ಆಗಲೇಬೇಕು. ಇನ್ನು ಜಗತ್ತೇ ಹೆದರಿ ಬಾಗಿಲು ಹಾಕಿಕೊಂಡ ಕೊರೊನಾ ಕಾಲದಲ್ಲಿ ನಾವು ಸುಮ್ಮನಿರುತ್ತೇವೆಯೇ?

ನಾನು ಈ ಬೀದಿಯಲ್ಲಿ ಬಾಡಿಗೆಗಿರುವ ದರ್ಜಿ. ರವಿಕೆ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಚ್ಚುತ್ತೇನೆ. ಜೊತೆಗೆ ಅವ್ವ ಇದ್ದಾಳೆ. ಅವಳು ಚಳ್ಳಕೆರೆ ಕಡೆಯ ಕಂಬಳಿ ನೇಯುವ ಮನೆಯವಳು. ಬಾಯಿ ಜೋರು, ಉಸಿರು ಕಮ್ಮಿ, ಹಳೇ ಉಬ್ಬಸ. ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದಳು.

"ನಿಮ್ಮವ್ವಂಗೆ ಈ ರೋಗ ತಗುಲಿದ್ರೆ ಕಷ್ಟ ಐತಕ್ಕ. ಅವ್ವ ಉಳೀಬೇಕಂದ್ರೆ ಇಡೀ ಬೀದಿ ಮಾಸ್ಕ್ ಹಾಕ್ಬೇಕು. ಅಂಗಡೀಲಿ ಒಂದೂ ಸಿಗ್ತಿಲ್ಲ. ನೀನೇ ಹೊಲಿ."

ಅವ್ವನ ಬೈಗುಳವಿಲ್ಲದ ಮನೆಯನ್ನು ನೆನೆಸಿಕೊಳ್ಳಲೂ ನನ್ನಿಂದಾಗಲಿಲ್ಲ. ಅವತ್ತೇ ಮಿಷನ್ನಿನ ಮುಂದೆ ಕೂತೆ.

ಹುಕ್ಕು

ಇಷ್ಟು ವರ್ಷ ರವಿಕೆ ಹೊಲಿದ ಕೈ ಇದು. ಮಾಸ್ಕ್ ಹೊಲಿ ಎಂದರೂ ಅದಕ್ಕೆ ಗೊತ್ತಿರುವುದು ರವಿಕೆಯೇ. ಲೈನಿಂಗ್ ಕೊಟ್ಟೆ, ಟಕ್ಸ್ ಹಿಡಿದೆ. ಎಲಾಸ್ಟಿಕ್ ಸಿಗದ್ದರಿಂದ ಹಿಂದೆ, ಕತ್ತಿನ ಮೇಲೆ ಬರುವ ಹಾಗೆ, ಸಾಲಾಗಿ ಹುಕ್ಕು ಇಟ್ಟೆ. ನೋಡುವುದಕ್ಕೇನೋ ಅಚ್ಚುಕಟ್ಟಾಗಿಯೇ ಇತ್ತು. ಹೆಂಗಸರಿಗೆ ಬೆನ್ನ ಹಿಂದಿನ ಹುಕ್ಕು ಹೊಸದಲ್ಲ, ಸರಸರ ಹಾಕಿಕೊಂಡರು. ಗಂಡಸರಿಗೆ ಮಾತ್ರ ಹಾಕಿಕೊಳ್ಳಲೂ ಬರದು, ಬಿಚ್ಚಲೂ ಬರದು. ಎರಡಕ್ಕೂ ಹೆಂಡತಿಯೇ ಬೇಕು.

ಮಾರನೆಯ ದಿನ ಮಧ್ಯಾಹ್ನ ಎದುರು ಮನೆಯಾತ ಓಡಿಬಂದ. ಬೆಳಗಿನಿಂದ ಸಂಜೆಯವರೆಗೆ ಎಲೆ ಅಡಿಕೆ ಮೆಲ್ಲುತ್ತಾ ಹೆಂಡತಿಯ ತಪ್ಪು ಹುಡುಕುವುದೇ ಅವನ ಕೆಲಸ.

"ಅಕ್ಕಾ, ಇದನ್ನ ಬಿಚ್ಚು ಮೊದ್ಲು. ಎಲೆ ಅಡಿಕೆ ಹಾಕ್ದೆ ತಲೆ ಸುತ್ತಿ ಬರ್ತೈತೆ!"

"ಮುಟ್ಟಂಗಿಲ್ಲಪ್ಪ, ದೂರ ನಿಂತ್ಕೋ. ನಿನ್ನ ಹೆಂಡ್ತಿ ಮನೇಲಿಲ್ವಾ?"

"ಇದ್ದಾಳೆ. ಬಿಚ್ಚಲ್ಲ ಅಂತಾಳೆ."

ಅಷ್ಟರಲ್ಲಿ ಹೆಂಡತಿ ಎದುರು ಬಾಗಿಲಿಗೆ ಬಂದಳು. "ಮದುವೆ ಆದಾಗಿಂದ ಇವತ್ತೊಂದಿನ ಮನೆ ತಣ್ಣಗೈತೆ. ಅಂಥದ್ದೇ ಇನ್ನೊಂದು ಹೊಲ್ಕೊಡ್ರಕ್ಕ, ಇದು ಒಗೆಯಾಕೆ ಹಾಕಿದ ದಿನಕ್ಕೆ ಬೇಕಾಗ್ತೈತೆ!"

ಬಾರ್ಡರ್

ನನ್ನ ಹತ್ತಿರವಿದ್ದ ಬಟ್ಟೆ ಮುಗಿಯಿತು. ಆಗ ಪಕ್ಕದ ಮನೆಯ ಯಜಮಾನರು, ಬೀದಿಗೇ ಹಿರಿಯ ನೇಕಾರರು, ಒಂದು ಗಂಟು ತಂದು ನಮ್ಮ ಕಟ್ಟೆಯ ಮೇಲಿಟ್ಟರು. ರೇಷ್ಮೆಯ ತುಂಡುಗಳು. ಮನೆಮಾತು ತೆಲುಗು ಆದ್ದರಿಂದ ಅವರ ಕನ್ನಡದಲ್ಲಿ ಅದೂ ಸೇರಿಕೊಳ್ಳುತ್ತದೆ. "ತೀಸ್ಕೋ ಅಮ್ಮಾ. ಕೊಳ್ಳೋರಂತೂ ಬರ್ತಿಲ್ಲ, ನಮ್ಮೋರ ಮೂಗಿಗಾದ್ರೂ ಆಗ್ಲಿ" ಎಂದರು.

ಜರಿ ಅಂಚಿನ ಮಾಸ್ಕು ಹೊಲಿದು ಮನೆಮನೆಗೂ ಕೊಟ್ಟೆ. ಬೀದಿಗೆ ಬೀದಿಯೇ ಹೊಗಳಿತು. ಮಾರನೆಯ ದಿನ ನೋಡಿದರೆ ಒಬ್ಬರ ಮುಖದ ಮೇಲೂ ಇಲ್ಲ! ಮೂಲೆ ಮನೆಯಾಕೆಯನ್ನು ಕೇಳಿದೆ.

"ಪೆಟ್ಟಿಗೇಲಿ ಐತಕ್ಕ. ರೇಷ್ಮೆ ಅಲ್ವಾ, ದಿನಾ ಹಾಕಿದ್ರೆ ಹಾಳಾಗ್ತದೆ. ಒಳ್ಳೇ ದಿನಕ್ಕೆ ಅಂತ ಇಟ್ಟೀನಿ."

"ಒಳ್ಳೇ ದಿನ ಬಂದ್ಮೇಲೆ ಮಾಸ್ಕ್ ಯಾಕೆ ಬೇಕವ್ವಾ?" ಎಂದು ಬಾಯಿ ಬಡಿದುಕೊಂಡೆ.

ಇನ್ನೊಬ್ಬಾತ ವಾಪಸ್ಸೇ ತಂದಿದ್ದ. ಅಂಚು ಮೂಗಿನ ಮೇಲೆ ಬಂದಿದೆ, ಗದ್ದದ ಕೆಳಗೆ ಬರಬೇಕಿತ್ತು, ಇದನ್ನು ಹಾಕಿಕೊಂಡರೆ ಸೀರೆಯನ್ನು ತಲೆಕೆಳಗಾಗಿ ಉಟ್ಟ ಹಾಗಾಗುತ್ತದೆ ಎಂದು ಅವನ ತಕರಾರು. ನೇಕಾರರ ಕಣ್ಣು, ಏನು ಹೇಳಲಿ! ಬಿಚ್ಚಿ ಹೊಲಿದುಕೊಟ್ಟೆ.

ಕೊನೆಗೆ ಮಾಸ್ಕ್ ಹಾಕಿಕೊಂಡು ಹೊರಗೆ ಬಂದವರು ಯಜಮಾನರೊಬ್ಬರೇ. ಕನ್ನಡಿಯಲ್ಲಿ ಎಷ್ಟೋ ಹೊತ್ತು ನೋಡಿಕೊಂಡರಂತೆ. "ಹುಟ್ಟಿದಾಗಿಂದ ರೇಷ್ಮೆ ನೇಯ್ತಾ ಇದ್ದೀನಮ್ಮ. ನನ್ನ ಮೈಗೆ ರೇಷ್ಮೆ ಬಂದಿದ್ದು ಇದೇ ಮೊದ್ಲು. ಅದೂ ಮೂತಿಗೆ!"

ಕಂಬಳಿ

ಇದನ್ನೆಲ್ಲ ನೋಡುತ್ತಿದ್ದ ಅವ್ವನಿಗೆ ತವರಿನ ಅಭಿಮಾನ ಉಕ್ಕಿತು. "ರೇಷ್ಮೆ ಏನ್ ತಡೀತದೆ? ಕಂಬಳಿ ಆದ್ರೆ ಮಳೇನೇ ತಡೀತದೆ" ಎಂದು ಚಳ್ಳಕೆರೆಯ ತಮ್ಮನಿಗೆ, ಅಂದರೆ ನನ್ನ ಸೋದರಮಾವನಿಗೆ, ಫೋನು ಮಾಡಿದಳು. ಮಾವ ಅಕ್ಕನ ಮಾತು ಮೀರುವವನಲ್ಲ. ತರಕಾರಿ ಗಾಡಿಯಲ್ಲಿ ಒಂದು ಚೀಲ ಬಂತು. ಅಪ್ಪಟ ಕುರಿ ಉಣ್ಣೆಯ ಕರಿ ಮಾಸ್ಕುಗಳು. ಕಂಬಳಿಗೆ ಹಾಕುವ ಹಾಗೆಯೇ ಅದಕ್ಕೂ ಹುಣಸೆ ಬೀಜದ ಗಂಜಿ ಹಾಕಿದ್ದ. ನೆಲದ ಮೇಲೆ ಬೋರಲು ಹಾಕಿದರೆ ಕುಡಿಕೆಯಂತೆ ಕೂರುತ್ತಿತ್ತು.

ಹೊರಗೆ ಬಿರುಬಿಸಿಲು. ಆದರೂ ಅವ್ವನ ಬಾಯಿಗೆ ಹೆದರಿ ಎಲ್ಲರೂ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಉಣ್ಣೆಯ ಎಳೆ ಮೂಗಿಗೆ ಹೋಗಿ ಮೇಲಿನ ಮನೆಯಿಂದ ಒಂದು ಸೀನು ಬಂತು, ಅದಕ್ಕೆ ಉತ್ತರವೆಂಬಂತೆ ಕೆಳಗಿನ ಮನೆಯಿಂದ ಇನ್ನೊಂದು. ಆಶಾ ಕಾರ್ಯಕರ್ತೆ ಬೀದಿಗೆ ಕಾಲಿಡುವ ವೇಳೆಗೆ ಇಡೀ ಬೀದಿ ಸೀನುತ್ತಿತ್ತು. ಅವಳ ಜೀವವೇ ಹಾರಿಹೋಯಿತು. ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡುವವರಿಗೆ ಫೋನು ಮಾಡಿ ಗಾಡಿ ಕರೆಸಿಯೇ ಬಿಟ್ಟಳು.

ಅವರು ಬಂದು ಎಲ್ಲರನ್ನೂ ದೂರದೂರ ನಿಲ್ಲಿಸಿ "ಮಾಸ್ಕ್ ಇಳಿಸ್ರಿ" ಎಂದರು. ಇಳಿಸಿದರು. ಒಂದೂ ಸೀನಿಲ್ಲ! "ಹಾಕ್ಕೊಳ್ರಿ" ಎಂದರು. ಮತ್ತೆ ಶುರು. ಬಂದವರು ಮುಖ ಮುಖ ನೋಡಿಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವ್ವ ಮಾತ್ರ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ಹೇಳಿದಳು: "ನೋಡ್ರಿ, ನನ್ನ ತಮ್ಮನ ಮಾಸ್ಕಿಗೆ ಹೆದ್ರಿ ರೋಗ ಹೆಂಗೆ ಮೂಗಿಂದ ಓಡಿಹೋಗ್ತೈತೆ!"

ಹಾಸು

ಕಡೆಗೆ ಹಳೇ ಪಂಚೆಗಳನ್ನು ಹರಿದು, ಲಾಡಿ ಇಟ್ಟು ಹೊಲಿದೆ. ಅದನ್ನು ಯಾರೂ ಪೆಟ್ಟಿಗೆಗೆ ಸೇರಿಸಲಿಲ್ಲ. ಬೀದಿ ಒಂದು ದಾರಿಗೆ ಬಂತು ಅನ್ನುವಷ್ಟರಲ್ಲಿ ಯಾವುದಕ್ಕೆ ಹೆದರಿದ್ದೆನೋ ಅದೇ ಆಯಿತು. ಅವ್ವನಿಗೆ ಜ್ವರ ಬಂತು, ಪರೀಕ್ಷೆಯಲ್ಲಿ ಕೊರೊನಾ ಎಂದೇ ಬಂತು. ಮನೆಯಲ್ಲೇ ಇಟ್ಟು ನೋಡಿ, ಉಸಿರು ಇಳಿದರೆ ಕೂಡಲೇ ಕರೆತನ್ನಿ ಎಂದರು ಡಾಕ್ಟರು. ಜೊತೆಗಿದ್ದ ನಾನೂ ಹೊರಗೆ ಹೋಗುವಂತಿಲ್ಲ. ಅವ್ವ ನಿದ್ದೆ ಹೋದ ಮೇಲೆ ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಆದರೆ ನಮ್ಮ ಬೀದಿಯಲ್ಲಿ ಕಾಯಿಲೆ ಬಿದ್ದವರನ್ನು ನೋಡಲು ಹೋಗದಿದ್ದರೆ ಅದೊಂದು ದೊಡ್ಡ ಅವಮಾನ. ಒಬ್ಬೊಬ್ಬರಾಗಿ ಬಂದರು. ಅಧಿಕಾರಿಗಳು ಬಾಗಿಲಿಗೆ ಚೀಟಿ ಅಂಟಿಸಿದರು. ಅಲ್ಲಿಯವರೆಗೆ ಬಾರದವರು ಆ ಚೀಟಿ ನೋಡಲು ಬಂದರು! ಅವ್ವನೋ, ಉಸಿರಾಡಲು ಆಗದಿದ್ದರೂ "ಒಳಗೆ ಬರ್ರವ್ವ, ನೀರು ಕುಡ್ಕೊಂಡು ಹೋಗ್ರಿ" ಎಂದು ಕರೆಯುವವಳು. ಬೈದರೂ ಕೇಳುವವರಿಲ್ಲ, ಕೈ ಮುಗಿದರೂ ಕೇಳುವವರಿಲ್ಲ.

ಇದನ್ನು ನೋಡಿದ ಯಜಮಾನರು ಹೋಗಿ ಒಂದು ಹೊರೆ ಹಳೇ ನೂಲು ತಂದರು. ನಮ್ಮ ಬಾಗಿಲ ಆಚೀಚೆ ಗೂಟ ಹೊಡೆದು, ಸೊಂಟದೆತ್ತರಕ್ಕೆ ಉದ್ದನೆಯ ಹಾಸು ಎಳೆದು ಕಟ್ಟಿದರು. ನೇಯುವ ಮೊದಲು ಮಗ್ಗಕ್ಕೆ ಏರಿಸುತ್ತಾರಲ್ಲ, ಆ ಉದ್ದದ ನೂಲಿನ ಸಾಲೇ ಹಾಸು. ಎಳೆದು ಕಟ್ಟಿದ ಹಾಸನ್ನು ನೇಕಾರರು ಸತ್ತರೂ ದಾಟುವುದಿಲ್ಲ. ದಾಟಿದರೆ ಮಗ್ಗಕ್ಕೆ ಕೇಡು.

ಪೊಲೀಸರ ಲಾಠಿಗೆ ಹೆದರದ ಬೀದಿ ನೂಲಿಗೆ ನಿಂತಿತು. ಎಲ್ಲರೂ ಹಾಸಿನಾಚೆಯಿಂದಲೇ "ಹೆಂಗಿದ್ದೀಯವ್ವಾ?" ಎಂದು ಕೂಗುವರು. ಮುದ್ದೆ ಸಾರು ಹಾಸಿನ ಕೆಳಗಿನಿಂದ ಕೋಲಲ್ಲಿ ತಳ್ಳಿಸಿಕೊಂಡು ಬರುತ್ತಿತ್ತು. ಆಶಾ ಕಾರ್ಯಕರ್ತೆಯೂ ನೇಕಾರರ ಮಗಳೇ. ಅವ್ವನ ಉಸಿರು ಅಳೆಯಲು ದಿನಾ ಹಾಸಿನಡಿ ತೆವಳಿಕೊಂಡು ಬರುತ್ತಿದ್ದಳು. "ದಾಟಬಾರದು ಅಂತ ಐತೆ, ನುಸೀಬಾರದು ಅಂತ ಯಾರೂ ಹೇಳಿಲ್ಲಕ್ಕ" ಎನ್ನುವಳು. ಅವಳ ಮೈಕಟ್ಟಿಗೆ ಅದು ಸಣ್ಣ ಕೆಲಸವಾಗಿರಲಿಲ್ಲ. ಅವಳನ್ನು ನೆನೆದರೆ ಈಗಲೂ ನನ್ನ ಕಣ್ಣು ಒದ್ದೆಯಾಗುತ್ತದೆ.

ಒಂದು ಬೆಳಿಗ್ಗೆ ಅವ್ವ ಎದ್ದವಳೇ ಸಾರಿಗೆ ಉಪ್ಪಿಲ್ಲ ಎಂದು ಬೈದಳು. ಅವ್ವ ಉಳಿದಳು ಎಂದು ನನಗೆ ಆಗಲೇ ಗೊತ್ತಾಯಿತು. ಆಮೇಲೆ ಪರೀಕ್ಷೆಯೂ ಅದನ್ನೇ ಹೇಳಿತು. ಬೀದಿಯವರೆಲ್ಲ ಮಾಸ್ಕ್ ಹಾಕಿಕೊಂಡು ಆಚೆ ಬಂದು ನಿಂತರು. "ಬಾರವ್ವ ಹೊರಗೆ!"

ಅವ್ವ ಹೊಸ್ತಿಲಿಗೆ ಬಂದಳು. ಹಾಸು ನೋಡಿದಳು. ಅಲ್ಲೇ ಕೂತಳು.

"ಇದು ಬರೀ ಬೇಲಿಗೆ ಅಂತ ಕಟ್ಟಿದ್ದಮ್ಮಾ, ಹಳೇ ನೂಲು. ಈಗಲೇ ಕತ್ತರಿಸಿ ಹಾಕ್ತೀನಿ" ಎಂದರು ಯಜಮಾನರು.

"ನೇಯೋರ ಬಾಯಲ್ಲಿ ಬರೋ ಮಾತೇನಪ್ಪ ಇದು? ರೇಷ್ಮೆ ಆದ್ರೇನು, ಉಣ್ಣೆ ಆದ್ರೇನು, ಎಳೆದ್ಮೇಲೆ ಅದು ಹಾಸೇ. ಕತ್ತರಿಸಂಗಿಲ್ಲ. ಮಗ್ಗಕ್ಕೆ ಏರ್ಸು, ಆಮೇಲೆ ಬರ್ತೀನಿ."

"ಹೋಗ್ಲಿ, ನುಸಿದು ಬಾರವ್ವ" ಎಂದೆ ನಾನು.

"ಸಾವಿಗೇ ಬಗ್ಗಲಿಲ್ಲ, ಈಗ ನೂಲಿಗೆ ಬಗ್ಗಲಾ?"

ಯಜಮಾನರು ತಲೆ ಕೆರೆದುಕೊಂಡರು. ಅವರ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯೊಂದಿತ್ತು. ಅದು ಇಳಿಯದೆ ಈ ಹಾಸು ಏರುವಂತಿಲ್ಲ. ಬೇರೆ ದಾರಿಯಿಲ್ಲದೆ ಅವತ್ತೇ ಮಗ್ಗಕ್ಕೆ ಕೂತರು. ನಿಂತುಹೋಗಿದ್ದ ಬೀದಿಯಲ್ಲಿ ಬಹಳ ದಿನಗಳ ಮೇಲೆ ಲಾಳಿಯ ಸದ್ದು ಕೇಳಿತು.

ಕೆಲವು ದಿನ ಕಳೆದು ಆಶಾ ಕಾರ್ಯಕರ್ತೆಗೆ ಆರೋಗ್ಯ ಇಲಾಖೆಯ ಆಫೀಸಿನಿಂದ ಫೋನು ಬಂತು. ರೋಗ ಹೋದ ಮೇಲೂ ಆ ಮುದುಕಿ ಯಾಕಿನ್ನೂ ಮನೆಯೊಳಗೇ ಇದ್ದಾಳೆ, ಏನು ಬಾಕಿ ಇದೆ ಎಂದು ಕೇಳಿದರು.

ಅವಳು ಮಗ್ಗದ ಕಡೆ ಒಮ್ಮೆ ಇಣುಕಿ ನೋಡಿ ಹೇಳಿದಳು: "ಅಜ್ಜಿಗೆ ಪೂರ್ತಿ ವಾಸಿಯಾಗೈತೆ ಸಾರ್. ಸೆರಗೊಂದು ಬಾಕಿ ಐತೆ."