ಗೋಬರ್ ಗ್ಯಾಸಿಗೆ ನಾನು ಮಾಡಿದ ಉಪಚಾರ

ತಿಳಿದವರು ಎನಿಸಿಕೊಂಡವರಿಗೆ ಒಂದು ಕಾಯಿಲೆ ಇರುತ್ತದೆ. ಸರಿಯಾಗಿ ನಡೆಯುತ್ತಿರುವ ಕೆಲಸವನ್ನು ನೋಡಿಕೊಂಡು ಸುಮ್ಮನಿರಲು ಅವರಿಗೆ ಬರುವುದಿಲ್ಲ. ನನಗೆ ಈ ಕಾಯಿಲೆ ಬಹಳ ಹಿಂದಿನಿಂದ ಇದೆ. ಕಡೂರಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಸಖರಾಯಪಟ್ಟಣದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮನೆಯ ಹಿಂದೆ ಎರಡು ಹಸು, ಒಂದಷ್ಟು ತೆಂಗಿನ ಮರ, ಒಂದು ಗೋಬರ್ ಗ್ಯಾಸಿನ ಗುಂಡಿ. ಈ ಮೂರನ್ನೂ ನೋಡಿಕೊಳ್ಳುವವಳು ನನ್ನ ಹೆಂಡತಿ ಶಾರದ. ಅವುಗಳ ಬಗ್ಗೆ ಭಾಷಣ ಮಾಡುವವನು ನಾನು. ಹನ್ನೊಂದು ವರ್ಷ ಈ ಏರ್ಪಾಡು ಯಾವ ತಕರಾರೂ ಇಲ್ಲದೆ ನಡೆದಿತ್ತು.

ಭಾಷಣವೆಂದರೆ ನನ್ನದು ಸಣ್ಣಪುಟ್ಟ ಭಾಷಣವಲ್ಲ. ತರೀಕೆರೆಯಲ್ಲಿ ರೈತರಿಗೆ ನಡೆದ ಒಂದು ಶಿಬಿರದಲ್ಲಿ ‘ಸುಸ್ಥಿರ ಜೈವಿಕ ಆರ್ಥಿಕತೆ’ ಎಂಬ ವಿಷಯದ ಮೇಲೆ ಮಾತಾಡಿದೆ. ಭೂಮಿ ಬಿಸಿಯಾಗುತ್ತಿದೆ, ಮಳೆ ನಕ್ಷತ್ರಗಳನ್ನು ನಂಬುವ ಹಾಗಿಲ್ಲ, ನಮ್ಮಂಥ ಬೆಳೆಯುತ್ತಿರುವ ದೇಶದವರು ಪೆಟ್ರೋಲು ಡೀಸೆಲ್ಲುಗಳ ಹಿಂದೆ ಓಡುವ ಬದಲು ಸಗಣಿ, ತೆಂಗಿನ ಮಟ್ಟೆ, ಹೊಂಗೆ ಬೀಜ ಇವುಗಳಿಂದಲೇ ಬದುಕು ಕಟ್ಟಿಕೊಳ್ಳಬಹುದು ಎಂದೆಲ್ಲ ಹೇಳಿ, ಬೋರ್ಡಿನ ಮೇಲೆ ಒಂದು ವೃತ್ತ ಬರೆದೆ. ಹಸುವಿನ ಸಗಣಿ ಗುಂಡಿಗೆ, ಗುಂಡಿಯ ಗ್ಯಾಸು ಒಲೆಗೆ, ಮಿಕ್ಕ ಬಗ್ಗಡ ತೆಂಗಿನ ಬುಡಕ್ಕೆ, ತೆಂಗಿನಕಾಯಿ ಅಡುಗೆಗೂ ಗಾಣಕ್ಕೂ, ಗಾಣದ ಹಿಂಡಿ ಮತ್ತೆ ಹಸುವಿಗೆ. ವೃತ್ತ ಎಷ್ಟು ದುಂಡಗೆ ಬಂದಿತ್ತೆಂದರೆ ನಾನೇ ಸ್ವಲ್ಪ ಹೊತ್ತು ನಿಂತು ನೋಡಿದೆ. ಸಗಣಿಯನ್ನು ಕಲಸಿ ಗುಂಡಿಗೆ ಸುರಿಯುವ ಕೈ ಯಾರದ್ದು ಎಂದು ಬರೆಯಲು ಅದರಲ್ಲಿ ಜಾಗ ಸಿಕ್ಕಿರಲಿಲ್ಲ.

ಚಪ್ಪಾಳೆ ಮುಗಿದ ಮೇಲೆ ಅಜ್ಜಂಪುರದ ಕಡೆಯ ಒಂದು ಮಹಿಳಾ ಸಂಘದ ಗಂಗಮ್ಮ ಎದ್ದು ನಿಂತರು. ಅವರ ಸಂಘದ ಹನ್ನೆರಡು ಮನೆಯವರು ಗುಂಡಿ ಕಟ್ಟಿಸಬೇಕೋ ಬೇಡವೋ ಎಂದು ಯೋಚಿಸುತ್ತಿದ್ದರಂತೆ. ಗಂಗಮ್ಮ ಹೂಂ ಎಂದರೆ ಹನ್ನೆರಡೂ ಹೂಂ, ಊಹೂಂ ಎಂದರೆ ಹನ್ನೆರಡೂ ಊಹೂಂ. “ಬೋರ್ಡ್ ಮ್ಯಾಲೆ ಚೆನ್ನಾಗೈತೆ ಮೇಷ್ಟ್ರೇ,” ಎಂದರು, “ಒಲೆ ಮ್ಯಾಲೆ ಉರಿಯದ ತೋರ್ಸಿ. ನಿಮ್ಮನೇಗೇ ಬತ್ತೀವಿ.” ಮುಂದಿನ ವಾರವೇ ಬನ್ನಿ, ನಮ್ಮ ಗ್ಯಾಸಿನಲ್ಲೇ ಉಪ್ಪಿಟ್ಟು ಕಾಫಿ ಮಾಡಿಸುತ್ತೇನೆ ಎಂದು ಮಾತು ಕೊಟ್ಟೆ. ಮಾಡುವವಳನ್ನು ಕೇಳಿರಲಿಲ್ಲ.

ಇಲ್ಲಿ ನಮ್ಮ ಶಾಲೆಯ ಒಂದು ಪದ್ಧತಿಯನ್ನು ಹೇಳಬೇಕು. ಮೇಲಧಿಕಾರಿಗಳು ತನಿಖೆಗೆ ಬರುತ್ತಾರೆಂದರೆ ಹಿಂದಿನ ದಿನ ನಾವು ಮಾಡುವ ಮೊದಲ ಕೆಲಸ ಇಡೀ ಶಾಲೆಗೆ ಫಿನಾಯಿಲ್ ಹಾಕುವುದು. ಅಧಿಕಾರಿಗಳು ಗೇಟಿನಲ್ಲೇ ಒಮ್ಮೆ ಉಸಿರೆಳೆದು, “ಪರವಾಗಿಲ್ಲ, ಸ್ಕೂಲು ಚೆನ್ನಾಗಿ ಇಟ್ಟಿದ್ದೀರಿ” ಎನ್ನುತ್ತಾರೆ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಫಿನಾಯಿಲ್ ವಾಸನೆಗೂ ಗೌರವಕ್ಕೂ ನನ್ನ ತಲೆಯಲ್ಲಿ ಗಂಟು ಬಿದ್ದುಬಿಟ್ಟಿದೆ. ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾದಾಗಲೂ ಮೊದಲು ನೆನಪಾದದ್ದು ಅದೇ; ಶಾರದ ಬಾಟಲಿ ಕಿತ್ತುಕೊಂಡು ಊದುಬತ್ತಿ ಕೊಟ್ಟಿದ್ದಳು. ಹೀಗಿರುವಾಗ ಅಜ್ಜಂಪುರದಿಂದ ಹನ್ನೆರಡು ಮನೆಯವರು ಕೊಟ್ಟಿಗೆ ನೋಡಲು ಬರುತ್ತಾರೆಂದರೆ ನನ್ನ ಕೈ ಸುಮ್ಮನಿರುತ್ತದೆಯೇ?

ಶಾಲೆಯಿಂದ ಬಂದವನೇ ಪಂಚೆ ಎತ್ತಿ ಕಟ್ಟಿ, ಬಕೆಟ್ಟಿಗೆ ಧಾರಾಳವಾಗಿ ಫಿನಾಯಿಲ್ ಸುರಿದು ಕೊಟ್ಟಿಗೆ ತೊಳೆಯಲು ಶುರುಮಾಡಿದೆ. ತೊಳೆದ ನೀರು ಮೋರಿಯಲ್ಲಿ ಹರಿದು ನೇರವಾಗಿ ಗುಂಡಿಗೇ ಬೀಳುವಂತೆ ಹಿಂದೆ ನಾನೇ ಮಾಡಿಸಿದ್ದೆ. ಒಂದು ತೊಟ್ಟೂ ವ್ಯರ್ಥವಾಗಬಾರದೆಂಬುದು ನನ್ನ ಸಿದ್ಧಾಂತ. ಶಾರದ ಬಾಗಿಲಲ್ಲಿ ನಿಂತು, “ರೀ, ಹಸುಗಳು ಮೂತಿ ತಿರುಗಿಸ್ತಾ ಇದಾವೆ. ಅದನ್ನ ಹಾಕ್ಬೇಡಿ” ಎಂದಳು. ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳನ್ನು ಹೇಗೆ ಕೊಲ್ಲಬೇಕೆಂದು ಅವಳಿಗೊಂದು ಪಾಠ ಮಾಡಿದೆ. ಗುಂಡಿಯೊಳಗೆ ಗ್ಯಾಸು ಮಾಡುವವರೂ ಕಣ್ಣಿಗೆ ಕಾಣದ ಅದೇ ಬಳಗದವರು ಎಂದು ಅಂದೇ ಬೆಳಿಗ್ಗೆ ಎಂಟನೇ ತರಗತಿಗೆ ಪಾಠ ಮಾಡಿ ಬಂದಿದ್ದೆ. ಶಾಲೆಯ ವಿಜ್ಞಾನ ಮನೆಯವರೆಗೆ ಬರಲು ಬಸ್ಸು ಸಿಕ್ಕಿರಲಿಲ್ಲವೆಂದು ಕಾಣುತ್ತದೆ.

ಮೂರನೆಯ ದಿನ ಉರಿ ಸ್ವಲ್ಪ ಇಳಿಯಿತು. ಪೈಪಿನಲ್ಲಿ ಕೊಳೆ ಇರಬೇಕು, ಎಲ್ಲ ಇನ್ನೂ ಶುಚಿಯಾಗಬೇಕು ಎಂದುಕೊಂಡು ಇನ್ನೊಂದು ಬಾಟಲಿ ತಂದೆ. ಉರಿ ಇಳಿದಷ್ಟೂ ನಾನು ತೊಳೆಯುವುದು ಏರಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರಲ್ಲ, ನನ್ನ ಕೈಯಲ್ಲಿ ಅವರಪ್ಪನೂ ಪೂರ್ತಿಯಾಗಲಿಲ್ಲ. ಭಾನುವಾರ ಬೆಳಿಗ್ಗೆ ಅಜ್ಜಂಪುರದ ವ್ಯಾನು ಬಂದು ನಿಂತಾಗ ಕೊಟ್ಟಿಗೆ ಆಸ್ಪತ್ರೆಯ ವಾರ್ಡಿನ ಹಾಗೆ ಘಮಘಮಿಸುತ್ತಿತ್ತು.

ಹೆಂಗಸರೆಲ್ಲ ಅಡುಗೆಮನೆಯಲ್ಲಿ ಒತ್ತಾಗಿ ನಿಂತರು. ನಾನು ನಾಲ್ಕು ಮಾತಾಡಿ, ಒಲೆಯ ತಿರುಪು ತಿರುಗಿಸಿ ಕಡ್ಡಿ ಗೀರಿದೆ. ಕಡ್ಡಿಯೊಂದೇ ಉರಿಯಿತು. ಎರಡನೆಯದು ಬೆರಳು ಸುಟ್ಟಿತು. ಮೂರನೆಯ ಕಡ್ಡಿಗೆ ಯಾರೋ ಹಿಂದೆ ಕಿಸಕ್ಕೆಂದರು. ಗಂಗಮ್ಮ ಹಿತ್ತಲಿಗೆ ಹೋಗಿ, ಗುಂಡಿಯ ಬಾಯಿಗೆ ಬಗ್ಗಿ ಮೂಸಿ ಬಂದರು. “ಕೊಟ್ಟಿಗೇಗೆ ಫಿನಾಯಿಲ್ ಹಾಕ್ದೋರು ಯಾರು?” ಎಂದು ಕೇಳಿದರು. ಶಾರದ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳುವ ಹಕ್ಕೂ ಅವಳಿಗಿತ್ತು. ಅವಳು ಸುಮ್ಮನೆ ಸೆರಗಿಗೆ ಕೈ ಒರೆಸಿಕೊಂಡು ರವೆಯ ಡಬ್ಬಿ ಕೆಳಗಿಳಿಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆಯಲಾಗಲಿಲ್ಲ. “ನಾನೇ,” ಎಂದೆ.

“ಹೆಪ್ಪು ಹಾಕಿದ್ ಹಾಲಿಗೆ ಯಾರಾನ ಫಿನಾಯಿಲ್ ಬಿಡ್ತಾರಾ ಮೇಷ್ಟ್ರೇ? ಇದೂ ಅಂಗೇಯ,” ಎಂದರು ಗಂಗಮ್ಮ. ಎಂಟನೇ ತರಗತಿಯಲ್ಲಿ ನಾನು ಅರ್ಧ ಗಂಟೆ ಬೋರ್ಡಿನ ಮೇಲೆ ವಿವರಿಸಿದ್ದನ್ನು ಅವರು ಒಂದು ಮಾತಿನಲ್ಲಿ ಮುಗಿಸಿದ್ದರು. ಹನ್ನೆರಡು ಮನೆಯೂ ಹೋಯಿತು ಎಂದುಕೊಂಡು ಗೋಡೆಗೆ ಒರಗಿದೆ. ನನ್ನ ಮಾನ ಹೋದದ್ದಕ್ಕಿಂತ, ನಡೆಯುತ್ತಿದ್ದ ಒಂದು ಒಳ್ಳೆಯ ಕೆಲಸ ನನ್ನ ಕೈಯಿಂದ ಸತ್ತಿತಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಅಷ್ಟರಲ್ಲಿ ಶಾರದ ಬಚ್ಚಲ ಒಲೆಗೆ ತೆಂಗಿನ ಮಟ್ಟೆ ತುಂಬಿ ಉಪ್ಪಿಟ್ಟಿಗೆ ಎಸರಿಟ್ಟಿದ್ದಳು. ಹೆಂಗಸರೆಲ್ಲ ಅವಳ ಸುತ್ತ ಕೂತರು. ಸಗಣಿಗೆ ನೀರು ಎಷ್ಟು, ಕಡ್ಡಿ ಕಸ ಯಾಕೆ ಆರಿಸಬೇಕು, ಚಳಿಗಾಲದಲ್ಲಿ ಗ್ಯಾಸು ಯಾಕೆ ಕಡಿಮೆಯಾಗುತ್ತದೆ, ಒಂದು ಹಸು ಕಾಯಿಲೆ ಬಿದ್ದು ಮೇವು ಬಿಟ್ಟ ತಿಂಗಳು ಪಕ್ಕದ ಮನೆಯಿಂದ ಸಗಣಿ ತಂದು ಹೇಗೆ ಸರಿದೂಗಿಸಿದಳು ಎಂದೆಲ್ಲ ಅವರು ಕೇಳಿದರು, ಅವಳು ಹೇಳಿದಳು. ಅದರಲ್ಲಿ ಅರ್ಧಕ್ಕರ್ಧ ನನಗೆ ಹೊಸದು. ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಅಂದು ನಾನು ಕಾಫಿ ಲೋಟ ಹಂಚಿದೆ.

ಹೊರಡುವಾಗ ಗಂಗಮ್ಮ ನನ್ನನ್ನು ಕರೆದು ಹೇಳಿದರು: “ಇಷ್ಟು ಸಲೀಸಾಗಿ ಕೆಡೋ ವಸ್ತೂನ ಅಷ್ಟು ವರ್ಷ ಕೆಡದಂಗೆ ನಡ್ಸವ್ರೆ ನಿಮ್ಮನೆಯೋರು, ಅದೂ ನಿಮ್ಮನ್ನ ಮನೇಲಿಟ್ಕೊಂಡು. ನಾವ್ಯಾಕೆ ನಡ್ಸಬಾರ್ದು? ಕಟ್ಟಿಸ್ತೀವಿ.”

ನಮ್ಮ ಗುಂಡಿಯನ್ನು ಬಗೆದು, ಹೊಸ ಸಗಣಿ ಹೊತ್ತು ತುಂಬಿಸಿ, ಮತ್ತೆ ನೀಲಿ ಉರಿ ಕಾಣಲು ಒಂದೂವರೆ ತಿಂಗಳು ಹಿಡಿಯಿತು. ಹೊತ್ತವನು ನಾನು. ಕಲಸುವ ಹದವನ್ನು ಈಗಲೂ ಅವಳು ನನ್ನ ಕೈಗೆ ಬಿಟ್ಟಿಲ್ಲ.

ಮೊನ್ನೆ ಗಂಗಮ್ಮನ ಮನೆಯಲ್ಲಿ ಹೊಸ ಒಲೆ ಹಚ್ಚುವ ದಿನಕ್ಕೆ ಕರೆ ಬಂತು. ಫೋನು ನನ್ನದು, ಕರೆ ಶಾರದಳಿಗೆ. ಮೇಷ್ಟ್ರೂ ಬೇಕಾದರೆ ಬರಬಹುದು ಎಂದರಂತೆ. ಹೋದೆವು. ಬಾಗಿಲಲ್ಲೇ ಶಾರದಳಿಗೆ ಕುಂಕುಮ ಕೊಟ್ಟು ಒಳಗೆ ಕರೆದುಕೊಂಡರು. ನಾನೂ ಹಿಂದೆಯೇ ಹೊರಟೆ. ಗಂಗಮ್ಮ ಬಾಗಿಲಿಗೆ ಅಡ್ಡ ನಿಂತು ನನ್ನ ಕೈಚೀಲ ಇಸಿದುಕೊಂಡರು. ಬಾಳೆಹಣ್ಣು ತೆಗೆದರು, ಹೂವು ತೆಗೆದರು, ಕೈ ಹಾಕಿ ತಳದವರೆಗೂ ಒಮ್ಮೆ ತಡವಿದರು. ಬಾಟಲಿ ಏನೂ ಸಿಗಲಿಲ್ಲ. “ಈಗ ಬನ್ನಿ ಮೇಷ್ಟ್ರೇ,” ಎಂದರು.