ನಾಲ್ಕು ಬೆರಳು ಸೊಟ್ಟ

ಮಾಸ್ಟರಿಗೆ ಈ ಲೋಕದಲ್ಲಿ ಸಹಿಸಲಾಗದ್ದು ಒಂದೇ ಒಂದು. ಅದು ಸೊಟ್ಟ. ಕಳ್ಳನನ್ನಾದರೂ ಅವರು ಕ್ಷಮಿಸಿಯಾರು, ಸೊಟ್ಟಗೆ ನೇತುಹಾಕಿದ ಕ್ಯಾಲೆಂಡರನ್ನು ಕ್ಷಮಿಸಲಾರರು. ಯಾರ ಮನೆಗೆ ಹೋದರೂ ಮೊದಲು ನೋಡುವುದು ಪರದೆಯ ಅಂಚನ್ನು, ಆಮೇಲೆ ಮನೆಯವರ ಮುಖವನ್ನು. ಒಮ್ಮೆ ಸಾವಿನ ಮನೆಗೆ ಸಮಾಧಾನ ಹೇಳಲು ಹೋದವರು, ಅಳುತ್ತಿದ್ದವರ ನಡುವಿನಿಂದ ಎದ್ದು, ಗೋಡೆಯ ಮೇಲಿದ್ದ ದಿವಂಗತರ ಫೋಟೋವನ್ನು ಅರ್ಧ ಇಂಚು ಎಡಕ್ಕೆ ಸರಿಸಿ, "ಈಗ ನೆಮ್ಮದಿ" ಎಂದು ಬಂದು ಕುಳಿತಿದ್ದರು. (ನೆಮ್ಮದಿ ದಿವಂಗತರಿಗೋ ತಮಗೋ ಎಂದು ಯಾರೂ ಕೇಳಲಿಲ್ಲ.) ಬೀದಿಯವರು ಅವರಿಗೆ 'ನೇರ ಮಾಸ್ಟರು' ಎಂದು ಹೆಸರಿಟ್ಟಿದ್ದರು. ಅವರು ಅದನ್ನು ಬಿರುದು ಎಂದೇ ತಿಳಿದಿದ್ದರು.

ಮನೆಯ ಮುಂದಿನ ಕೋಣೆಯೇ ಅವರ ಟೈಲರಿಂಗ್ ಅಂಗಡಿ. ಎರಡು ಹೊಲಿಗೆ ಯಂತ್ರ, ಉದ್ದನೆಯ ಕತ್ತರಿಸುವ ಮೇಜು, ಮೂಲೆಯಲ್ಲಿ ಗಿರಾಕಿಗಳನ್ನು ನಿಲ್ಲಿಸಿ ಅಳತೆ ತೆಗೆಯುವ ಒಂದು ಸ್ಟೂಲು. ಇಪ್ಪತ್ತೈದು ವರ್ಷಗಳಿಂದ ಊರಿನ ಅರ್ಧಕ್ಕರ್ಧ ಮದುಮಕ್ಕಳ ಉಡುಪು ಇಲ್ಲಿಯೇ ಹೊಲಿಗೆ ಕಂಡಿದೆ. ಹಾಗಿರುವಾಗ ಒಬ್ಬಳೇ ಮಗಳ ಮದುವೆ ಗೊತ್ತಾದಾಗ ಮಾಸ್ಟರ ಉತ್ಸಾಹ ಎಷ್ಟಿರಬೇಡ! ದಂತವರ್ಣದ ಬಟ್ಟೆ, ಮೊಣಕೈವರೆಗೆ ಲೇಸು, ಹಿಂದೆ ಎರಡು ಗಜ ಇಳಿಬಿಟ್ಟ ಸೆರಗು, ಎಲ್ಲವನ್ನೂ ಕಾಗದದ ಮೇಲೆ ಬರೆದು ಮಗಳ ಮುಂದೆ ಹರಡಿದರು.

ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಕಾಗದಗಳನ್ನು ಒಂದೊಂದಾಗಿ ನೋಡಿದಳು, ಜೋಡಿಸಿದಳು, ಅಪ್ಪನ ಕೈಗೆ ವಾಪಸು ಕೊಟ್ಟಳು.

"ಅಪ್ಪ, ನಂಗೆ ಹೊಸಾ ಗೌನು ಬೇಡ. ಅಮ್ಮನ ಗೌನೇ ಹಾಕ್ಕೋತೀನಿ."

ಮಾಸ್ಟರ ಕೈಯಿಂದ ಕಾಗದಗಳು ಜಾರಿ ಮೇಜಿನ ಮೇಲೆ ಬಿದ್ದವು.

"ಯಾವ ಗೌನು?"

"ಅಮ್ಮಂಗೆ ಎಷ್ಟು ಮದುವೆ ಆಗಿದೆ ಅಪ್ಪ? ಅದೇ ಗೌನು, ಚಿಟ್ಟೆದು."

ಚಿಟ್ಟೆದು! ಆ ಗೌನಿನ ಸಂಗತಿ ಹೇಳದೆ ಕಥೆ ಮುಂದೆ ಹೋಗುವುದಿಲ್ಲ. ಅದು ಎರಡು ಸಾವಿರದ ಇಸವಿಯ ಸೃಷ್ಟಿ. ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ಜಗತ್ತೆಲ್ಲ ಹೆದರಿದ್ದು, ಒಂದೂ ಕೆಡದೆ ಹೊಸ ಸಹಸ್ರಮಾನ ಹುಟ್ಟಿದ್ದ ಸಮಯ. ಆಗಷ್ಟೇ ಕೆಲಸ ಕಲಿತು ಮುಗಿಸಿದ್ದ ಮಾಸ್ಟರು, ತಾವು ಮದುವೆಯಾಗಲಿದ್ದ ಹುಡುಗಿಯ ಉಡುಪನ್ನು ತಾವೇ ಹೊಲಿಯುವುದಾಗಿ ಜಂಬ ಕೊಚ್ಚಿದ್ದರು. ಬೆಳ್ಳಿಯಂತೆ ಮಿನುಗುವ ಸ್ಯಾಟಿನ್ನು, ಭುಜದ ಮೇಲೆ ದಾರದಂಥ ಎರಡು ಪಟ್ಟಿ, ಇರಬೇಕಾದ ಜಾಗಕ್ಕಿಂತ ಕೆಳಗಿಳಿದ ಸೊಂಟ, ಮೈತುಂಬ ಮಣಿಯ ಚಿಟ್ಟೆಗಳು. ಅದಕ್ಕೆ ತಕ್ಕ ಹಾಗೆ ತಲೆಯಲ್ಲಿ ಪ್ಲಾಸ್ಟಿಕ್ ಚಿಟ್ಟೆ ಕ್ಲಿಪ್ಪು, ಕಣ್ಣುರೆಪ್ಪೆಯ ಮೇಲೆ ಮಿನುಗುಪುಡಿ, ಕಾಲಿಗೆ ಇಟ್ಟಿಗೆ ಕಟ್ಟಿಕೊಂಡಂಥ ದಪ್ಪ ಅಟ್ಟೆಯ ಚಪ್ಪಲಿ. ಆ ಕಾಲದ ಫ್ಯಾಷನ್ನೇ ಹಾಗೆ, ಇರಲಿ. ಆದರೆ ಗೌನಿನ ಕೆಳ ಅಂಚು? ಎಡಗಡೆ ಮೇಲೇರಿ, ನಡುವೆ ಒಂದು ಕಡೆ ತುಸು ಕುಸಿದು, ಬಲಗಡೆ ನಾಲ್ಕು ಬೆರಳು ಕೆಳಗೆ ಹೋಗಿತ್ತು. ಅದು ಫ್ಯಾಷನ್ನಲ್ಲ. ಅದು ತಪ್ಪು. ಶುದ್ಧ, ಸ್ವಚ್ಛ, ಕೈತಪ್ಪು.

ಆದದ್ದಿಷ್ಟು. ಗೌನಿನ ಅಂಚು ಗುರುತು ಮಾಡುವಾಗ ತೊಟ್ಟವರನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಸ್ಕೇಲನ್ನು ನೆಟ್ಟಗೆ ಹಿಡಿದು, ಸುತ್ತಲೂ ಒಂದೇ ಎತ್ತರಕ್ಕೆ ಸೀಮೆಸುಣ್ಣದ ಗೀಟು ಎಳೆಯಬೇಕು. ಕಣ್ಣು ಸ್ಕೇಲಿನ ಮೇಲಿರಬೇಕು. ಅವತ್ತು ಮಧ್ಯಾಹ್ನ ಮಾಸ್ಟರ ಕಣ್ಣು ಸ್ಕೇಲಿನ ಮೇಲಿರಲಿಲ್ಲ. ಹುಡುಗಿಯ ಮುಖದ ಮೇಲಿತ್ತು. ಅವಳು ಏನೋ ಹೇಳಿ ನಗುತ್ತಿದ್ದಳು, ಭಾವಿ ಅತ್ತೆಯವರು ಪಕ್ಕದ ಕುರ್ಚಿಯಲ್ಲಿ ಕುಳಿತು ಕೆಮ್ಮುತ್ತಿದ್ದರು. ಕತ್ತರಿಸಿದ ಮೇಲಷ್ಟೇ ಮಾಸ್ಟರಿಗೆ ಪ್ರಪಂಚದ ಅರಿವಾಯಿತು. ಬಟ್ಟೆ ಮುಗಿದಿತ್ತು, ಮದುವೆ ಎದುರಿಗಿತ್ತು. "ಇದು ಲೇಟೆಸ್ಟ್ ಫ್ಯಾಷನ್ನು" ಎಂದುಬಿಟ್ಟರು. ಹುಡುಗಿ ನಂಬಿದಳು. ಮದುವೆಯ ಮನೆಯಲ್ಲಿ ಮಾಸ್ಟರ ಅಕ್ಕ ಮಾತ್ರ ನಂಬಲಿಲ್ಲ. "ಏನೋ, ಬಟ್ಟೆ ಸಾಲ್ಲಿಲ್ವೇನೋ?" ಎಂದು ನೂರು ಜನರ ಮುಂದೆ ಕೇಳಿದರು. "ಇಲ್ಲ ಅಕ್ಕ, ಫ್ಯಾಷನ್ನು" ಎಂದರೆ, "ಹೂಂ ಹೂಂ, ಫ್ಯಾಷನ್ನು!" ಎಂದು ಕಣ್ಣು ಮಿಟುಕಿಸಿದರು.

ಅವತ್ತಿನಿಂದ ಮಾಸ್ಟರು ನೇರವಾದರು. ಬೀದಿಗೆ ಗೊತ್ತಿಲ್ಲದ ಗುಟ್ಟು ಇದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಯಾರಾದರೂ 'ಸೊಟ್ಟ' ಎಂದರೆ ಸಾಕು, ಅವರ ಕಣ್ಣು ತಾನಾಗಿ ಆ ಗೌನಿದ್ದ ಒಳಕೋಣೆಯ ಟ್ರಂಕಿನ ಕಡೆಗೆ ಹೋಗುತ್ತಿತ್ತು.

"ಪುಟ್ಟಿ, ಅದು ಹಳೇದಮ್ಮ" ಎಂದರು ಈಗ, ಗಂಟಲು ಸರಿಮಾಡಿಕೊಂಡು. "ಜನ ನಗ್ತಾರೆ."

"ಹಳೇದೇ ಈಗ ಹೊಸದು ಅಪ್ಪ! ನೋಡಿಲ್ಲಿ." ಮಗಳು ಫೋನು ಹಿಡಿದಳು. ನಿಜವೇ. ಒಬ್ಬಳಾದ ಮೇಲೊಬ್ಬಳು ಮದುಮಗಳು, ಅದೇ ಮಿನುಗು, ಅದೇ ದಾರದ ಪಟ್ಟಿ, ಅದೇ ಚಿಟ್ಟೆ. "ಇವರೆಲ್ಲ ನಕಲು. ನಮ್ಮನೇಲಿ ಅಸಲೇ ಇದೆ. ನೀನೇನೂ ಮಾಡ್ಬೇಡ, ಸೊಂಟದ ಹತ್ರ ಒಂದು ಚೂರು ಹಿಡಿ, ಅಷ್ಟೇ."

ಆ ಭಾನುವಾರ, ಮದುವೆಗೆ ಇನ್ನು ಐದೇ ದಿನವಿರುವಾಗ, ತಾಯಿ ಮಗಳು ಚಪ್ಪಲಿ ತರಲು ಪೇಟೆಗೆ ಹೋದರು. ಮಾಸ್ಟರು ಸೊಂಟ ಹಿಡಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಗೌನು ಮೇಜಿನ ಮೇಲೆ ಮಲಗಿ, ತನ್ನ ಸೊಟ್ಟ ಅಂಚಿನಿಂದ ಅವರನ್ನೇ ನೋಡುತ್ತಿತ್ತು. ಅದೇ ಅಂಚು ಮಗಳ ಮೈಮೇಲೆ ಮತ್ತೊಮ್ಮೆ ನೂರು ಜನರ ಮುಂದೆ ಹೋಗಬೇಕು, ಅಕ್ಕ ಮತ್ತೊಮ್ಮೆ ಕೇಳಬೇಕು. ಮಾಸ್ಟರಿಗೆ ತಟ್ಟನೆ ಒಂದು ದಿವ್ಯ ಆಲೋಚನೆ ಬಂತು. ಹೆಂಡತಿಗೆ ಅಂದು ಕೊಡಲಾಗದ ನೇರ ಅಂಚನ್ನು ಮಗಳಿಗಾದರೂ ಕೊಟ್ಟರೆ? ಇಬ್ಬರಿಗೂ ಆಶ್ಚರ್ಯ! ಸ್ಕೇಲು ಇಟ್ಟರು, ಕತ್ತರಿ ಹಾಕಿದರು, ಅರ್ಧ ಗಂಟೆಯಲ್ಲಿ ಇಪ್ಪತ್ತೈದು ವರ್ಷದ ಕಳಂಕ ನೆಲಕ್ಕೆ ಬಿತ್ತು. ಬಿದ್ದ ಪಟ್ಟಿಯನ್ನು ಚೂರುಚೂರಾಗಿ ಕತ್ತರಿಸಿ, ಸೂಜಿ ಚುಚ್ಚಿಡುವ ಹೊಸ ಮೆತ್ತೆಯೊಳಗೆ ತುಂಬಿ ಬಾಯಿ ಹೊಲಿದರು. (ಕಾನೂನಿನ ಭಾಷೆಯಲ್ಲಿ ಇದಕ್ಕೆ ಸಾಕ್ಷ್ಯನಾಶ ಎನ್ನುತ್ತಾರೆ.)

ಮಗಳು ಬಂದು ಗೌನು ಎತ್ತಿ ಹಿಡಿದಳು. ಮಾಸ್ಟರು ಹೊಗಳಿಕೆಗೆ ಸಿದ್ಧರಾಗಿ ನಿಂತರು.

"ಅಪ್ಪ... ಅಂಚೆಲ್ಲಿ?"

"ಅಲ್ಲೇ ಇದೆಯಲ್ಲಮ್ಮ. ನೆಟ್ಟಗೆ!"

"ನೆಟ್ಟಗಿರೋದು ಯಾರಿಗ್ ಬೇಕಿತ್ತು? ಆ ಸೊಟ್ಟ ಅಂಚಿಗೇ ಅಲ್ವಾ ನಾನು ಆಸೆಪಟ್ಟಿದ್ದು? ಚಿಕ್ಕೋಳಿದ್ದಾಗಿಂದ ಅಮ್ಮನ ಫೋಟೋ ನೋಡ್ಕೊಂಡು ಬೆಳೆದಿದೀನಿ!" ಎಂದವಳ ಕಣ್ಣು ತುಂಬಿಬಂತು. ಇನ್ನೊಬ್ಬರ ಕಣ್ಣಿಗೆ ಕನ್ನಡಕ ಹುಡುಕಿಕೊಡುವವಳು ತನ್ನ ಕಣ್ಣು ಒರೆಸಿಕೊಳ್ಳಲು ಕರವಸ್ತ್ರ ಹುಡುಕಿದಳು. ಮಾಸ್ಟರು ಸ್ಕೇಲು ಕೈಗೆತ್ತಿಕೊಂಡರು. ಮಗಳನ್ನು ಅಳಿಸುವುದಕ್ಕಿಂತ ಅಕ್ಕನ ಬಾಯಿಗೆ ಬೀಳುವುದೇ ವಾಸಿಯಿತ್ತು.

"ಅಳಬೇಡ ಪುಟ್ಟಿ. ಕತ್ತರಿಸಿದ ಕೈಯೇ ಸರಿಮಾಡತ್ತೆ. ನೀನು ಅಮ್ಮನಿಗಿಂತ ಕುಳ್ಳಿ, ಇನ್ನೂ ನಾಲ್ಕು ಬೆರಳು ಮೇಲಕ್ಕೆ ಕತ್ತರಿಸಬಹುದು. ಸೊಟ್ಟ ತಾನೇ? ಅದೇನು ಮಹಾ ವಿದ್ಯೆ!"

ಮಹಾ ವಿದ್ಯೆಯೇ ಆಗಿತ್ತು. ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಗೀಟೆಳೆದರು, ನೇರವಾಗಿ ಬಂತು. ಒರೆಸಿ ಮತ್ತೆ ಎಳೆದರು, ಓರೆಯಾಗಿ ಬಂತು, ಆದರೆ ಏಣಿ ಒರಗಿಸಿಟ್ಟಂತೆ ನೇರವಾದ ಓರೆ. ಕಣ್ಣು ಮುಚ್ಚಿಕೊಂಡು ಎಳೆದರು, ಕಣ್ಣು ಬಿಟ್ಟು ನೋಡಿದರೆ ದಾರ ಹಿಡಿದಂತೆ ನೇರ. ಇಪ್ಪತ್ತೈದು ವರ್ಷದ ಅಭ್ಯಾಸ ಕೈಯಿಂದ ಇಳಿಯಲೊಲ್ಲದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಮಾಸ್ಟರು ನೆಲ ತೀರಾ ನೆಟ್ಟಗಿದೆ ಎಂದರು.

"ಇದಲ್ಲ ಅಪ್ಪ" ಎಂದಳು ಮಗಳು, ಹಳೆಯ ಫೋಟೋ ಹಿಡಿದು. "ಅದು ಒಂಥರಾ ನಗ್ತಾ ಇರೋ ಹಾಗಿತ್ತು. ಇದು ಪರೀಕ್ಷೆ ಬರೆಯೋ ಹಾಗಿದೆ. ಅವತ್ತು ಹೇಗೆ ಮಾಡಿದ್ದೆ?"

ಮಾಸ್ಟರು ಸ್ಟೂಲಿನ ಪಕ್ಕ ನೆಲದ ಮೇಲೆಯೇ ಕುಳಿತುಬಿಟ್ಟರು.

"ಮಾಡಿದ್ದಲ್ಲಮ್ಮ. ತಪ್ಪಿದ್ದು. ಅದು ಫ್ಯಾಷನ್ನೂ ಅಲ್ಲ, ಮಣ್ಣೂ ಅಲ್ಲ. ನಿಮ್ಮಮ್ಮಂಗೆ ಸುಳ್ಳು ಹೇಳಿದೆ. ಇಷ್ಟು ವರ್ಷ ಆದ್ರೂ ಅವಳಿಗೆ ಗೊತ್ತಿಲ್ಲ."

ಬಾಗಿಲಲ್ಲಿ ಹೆಂಡತಿ ನಿಂತಿದ್ದರು. ಶಾಲೆಯಲ್ಲಿ ಎಂಟನೇ ತರಗತಿಗೆ ರೇಖಾಗಣಿತ ಕಲಿಸುವವರು.

"ಯಾರಿಗೆ ಗೊತ್ತಿಲ್ಲ?" ಎಂದರು. "ರೀ, ದಿನಾ ಬೆಳಗಾದ್ರೆ ಸಮಾನಾಂತರ ರೇಖೆ ಪಾಠ ಮಾಡೋಳು ನಾನು. ನಂಗೆ ನನ್ನ ಗೌನಿನ ಅಂಚು ಸೊಟ್ಟ ಅಂತ ಗೊತ್ತಾಗಲ್ವಾ? ಹಾಕ್ಕೊಂಡ ಮೊದಲ್ನೇ ನಿಮಿಷವೇ ಗೊತ್ತಾಯ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ನಿಮ್ಮ ಮುಖ ನೋಡಿದ್ರೆ ಹೇಳೋ ಹಾಗಿತ್ತಾ? ಅಲ್ದೆ..." ಅವರು ಮಗಳ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಅಲ್ದೆ ತಪ್ಪು ನಿಮ್ಮದಲ್ಲ. ಗೀಟು ಬೇಗ ಮುಗಿದ್ರೆ ನೀವು ಎದ್ದು ಹೋಗ್ತಿದ್ರಿ. ಗೀಟು ಕೆಟ್ಟು ಮತ್ತೆ ಎಳೆಯೋ ಹಾಗಾಗ್ಲಿ ಅಂತ ಗೌನಿನೊಳಗೆ ಒಂದು ಮಂಡಿ ಬಗ್ಗಿಸಿಕೊಂಡು ನಿಂತಿದ್ದೆ. ಅಮ್ಮನಿಗೂ ಕಾಣಲ್ಲ, ನಿಮಗೂ ಕಾಣಲ್ಲ."

ಮಾಸ್ಟರು ಸ್ಕೇಲು ಹಿಡಿದೇ ಎದ್ದು ನಿಂತರು. "ಮಂಡಿ! ನಿನ್ನ ಮಂಡಿಯಿಂದ ನಾನು ಇಪ್ಪತ್ತೈದು ವರ್ಷ ಕಂಡೋರ ಮನೆ ಕ್ಯಾಲೆಂಡರ್ ಸರಿಮಾಡ್ಕೊಂಡು ಬಂದೆನಲ್ಲೇ! ಸಾವಿನ ಮನೇಲಿ ಮಾನ ಕಳ್ಕೊಂಡೆನಲ್ಲೇ! ಸ್ಟೂಲಿನ ಮೇಲೆ ಹತ್ತು. ಅವತ್ತು ಹೇಗೆ ನಿಂತಿದ್ಯೋ ಹಾಗೇ ನಿಲ್ಲು."

ಮಗಳು ಒಳಗೆ ಹೋಗಿ ಗೌನು ಕಳಚಿ ತಂದಳು. ಅದು ಈಗ ಹೆಂಡತಿಯ ಮೈಗೆ ಹತ್ತುವ ಮಾತೇ ಇರಲಿಲ್ಲ. ಉಟ್ಟ ಬಟ್ಟೆಯ ಮೇಲೆಯೇ ಅದನ್ನು ಸುತ್ತಿ, ಮಾಸ್ಟರ ಕೊರಳಲ್ಲಿದ್ದ ಅಳತೆಯ ಟೇಪನ್ನು ಕಿತ್ತು ಸೊಂಟಕ್ಕೆ ಕಟ್ಟಿದಳು ಮಗಳು. ಮಾಸ್ಟರು ಮೊಣಕಾಲೂರಿದರು. ಎರಡು ಮೊಣಕಾಲುಗಳೂ ಲಟಲಟ ಎಂದವು.

"ಮೇಲೆ ನೋಡ್ಬೇಡಿ, ಕೆಳಗೆ ನೋಡಿ" ಎಂದರು ಹೆಂಡತಿ.

ಇಪ್ಪತ್ತೈದು ವರ್ಷದ ಹಿಂದಿನ ಆ ಮಧ್ಯಾಹ್ನವೂ ಇದೇ ಮಾತು ಹೇಳಿದ್ದರು. ಮಾಸ್ಟರು ಮೇಲೆ ನೋಡಿದರು. ಕಿವಿಯ ಪಕ್ಕದಲ್ಲಿ ನರೆ, ಮೂಗಿನ ಮೇಲೆ ಕನ್ನಡಕ, ಬೆರಳಿನಲ್ಲಿ ನಿನ್ನೆಯ ಕರಿಹಲಗೆಯ ಸೀಮೆಸುಣ್ಣ. ಹುಡುಗಿ ಹೇಗೆ ನಕ್ಕಿದ್ದಳೋ ಹಾಗೆಯೇ ನಗುತ್ತಿದ್ದಳು. ಇವಳಿಲ್ಲದಿದ್ದರೆ ತಾನು ಎಲ್ಲಿ ಯಾವ ಗುಂಡಿ ಹೊಲಿಯುತ್ತ ಕೂತಿರುತ್ತಿದ್ದೆನೋ ಎನ್ನಿಸಿತು ಮಾಸ್ಟರಿಗೆ. ಗೀಟೆಳೆಯುತ್ತ ಸ್ಟೂಲಿನ ಸುತ್ತ ಒಂದು ಸುತ್ತು ಬಂದದ್ದೂ ಅವರಿಗೆ ತಿಳಿಯಲಿಲ್ಲ.

"ಅಪ್ಪ!" ಮಗಳು ಚಪ್ಪಾಳೆ ತಟ್ಟಿದಳು. "ಅದೇ! ಅದೇ ಅಂಚು!"

ನೋಡಿದರು. ಎಡಗಡೆ ಮೇಲೆ, ನಡುವೆ ತುಸು ಕುಸಿತ, ಬಲಗಡೆ ನಾಲ್ಕು ಬೆರಳು ಕೆಳಗೆ. ಫೋಟೋದಲ್ಲಿದ್ದದ್ದೇ.

"ನೋಡಿದ್ಯಾ!" ಮಾಸ್ಟರು ಎದೆಯುಬ್ಬಿಸಿದರು. "ಎಲ್ಲಾ ನಿನ್ನ ಮಂಡಿ ಕೆಲಸ. ನನ್ನ ಕೈ ಅವತ್ತೂ ನೇರ, ಇವತ್ತೂ ನೇರ!"

ಹೆಂಡತಿ ಗೌನನ್ನು ಮೊಣಕಾಲಿನವರೆಗೆ ಎತ್ತಿದರು. ಎರಡು ಕಾಲೂ ಕಂಬಗಳಂತೆ ನೆಟ್ಟಗಿದ್ದವು.

"ಮಂಡಿ ನೋವು ಕಣ್ರೀ. ಈಗ ಅದು ಬಗ್ಗೋದೇ ಇಲ್ಲ."

"ಹಾಗಾದ್ರೆ ಅವತ್ತು?"

"ಅವತ್ತೂ ಬಗ್ಗಿಸಿರಲಿಲ್ಲ. ಆಗ್ಲೇ ನೀವು ಸೋತು ನೆಲದ ಮೇಲೆ ಕೂತಿದ್ದು ನೋಡೋಕಾಗ್ಲಿಲ್ಲ, ಸುಳ್ಳು ಹೇಳಿದೆ. ಕತ್ತರಿ ತಗೊಳ್ಳಿ, ನಂಗೆ ಇಳೀಬೇಕು."

ಮಾಸ್ಟರು ಕತ್ತರಿ ತೆಗೆದುಕೊಂಡರು. ಗೀಟಿನ ಮೇಲೆಯೇ, ಎಲ್ಲೂ ಸರಿಮಾಡದೆ ಕತ್ತರಿಸಿದರು.

ಮದುವೆಯ ದಿನ ಮಗಳು ಆ ಗೌನು ತೊಟ್ಟು, ತಲೆಗೆ ಚಿಟ್ಟೆ ಕ್ಲಿಪ್ಪು ಸಿಕ್ಕಿಸಿ, ಅಳಿಯನ ಪಕ್ಕ ನಿಂತಳು. ಮಾಸ್ಟರ ಅಕ್ಕ ಈಗ ಊರುಗೋಲು ಹಿಡಿದು ಬಂದಿದ್ದರು. ಮದುಮಗಳನ್ನು ಮೇಲಿನಿಂದ ನೋಡುತ್ತ ಬಂದ ಅವರ ಕಣ್ಣು ಅಂಚಿನ ಹತ್ತಿರ ನಿಂತಿತು. ತಮ್ಮನನ್ನು ಬೆರಳಿನಲ್ಲಿ ಕರೆದರು.

ಮಾಸ್ಟರು ಇನ್ನು ಸುಳ್ಳು ಹೇಳಬಾರದೆಂದು ನಿಶ್ಚಯಿಸಿಯೇ ಹೋದರು. "ಕೈ ತಪ್ಪಿತು ಅಕ್ಕ" ಎಂದರು, ತಲೆಯೆತ್ತಿ, ನೂರು ಜನರ ಮುಂದೆ. "ಅವತ್ತೂ ತಪ್ಪಿತ್ತು. ಇವತ್ತೂ ತಪ್ಪಿತು."

"ಹೂಂ ಹೂಂ, ಕೈ ತಪ್ಪಿತು!" ಅಕ್ಕ ಕಣ್ಣು ಮಿಟುಕಿಸಿದರು. "ನಂಗೇನು ಗೊತ್ತಿಲ್ಲ ಅಂದ್ಕೊಂಡ್ಯಾ? ಮೊಮ್ಮಗಳು ಫೋನಲ್ಲಿ ತೋರಿಸಿದಾಳೆ. ಇದು ಲೇಟೆಸ್ಟ್ ಫ್ಯಾಷನ್ನು. ಬರೋ ತಿಂಗಳು ಅವಳದ್ದೂ ಮದುವೆ. ಅವಳಿಗೂ ಹೀಗೇ ನಾಲ್ಕು ಬೆರಳು ಸೊಟ್ಟ ಹೊಲ್ಕೊಡು."

ಮಾಸ್ಟರು ಕಂಗಾಲಾಗಿ ಹೆಂಡತಿಯ ಕಡೆ ನೋಡಿದರು. ಅವರಾಗಲೇ ಮಂಡಿಗೆ ಹಚ್ಚುವ ಎಣ್ಣೆ ಮನೆಯಲ್ಲಿ ಎಷ್ಟಿದೆಯೆಂದು ಲೆಕ್ಕ ಹಾಕುತ್ತಿದ್ದರು.